ಕೆಂಪು ದೀಪ ಹತ್ತಿದ ಮ್ಯಾಲೂ ಗೇಜ್ ಹಚ್ಚಂಗಿಲ್ಲ ಅಂದ್ರ ಹೆಂಗ್ರೀ?

ಗ್ಯಾರೇಜ್ ನಡಸೋರು ಯಾರಾದ್ರೂ ಒಂದು ಮಾತಿಗೆ ಉತ್ತರ ಕೊಡ್ರಿ. ಓಡೋ ಗಾಡ್ಯಾಗ ಒಮ್ಮಿಂದೊಮ್ಮೆ ಆಯಿಲ್ ಪ್ರೆಶರ್ ಹೋತು ಅಂತ ಗಿರಾಕಿ ಬಂದ್ರ, ಪ್ರೆಶರ್ ಎಷ್ಟೈತಿ ಅಂತ ಅಳದು ನೋಡೋದೊಂದು ಬಿಟ್ಟು ಉಳಿದದ್ದೆಲ್ಲಾ ಯಾಕ ಮಾಡ್ತೀರಿ?

ಬೆಳಗಾವಿ, ಚಿಕ್ಕೋಡಿ, ಜಮಖಂಡಿ, ವಿಜಾಪುರ, ಎಲ್ಲಾ ಕಡೆ ಇದ ಹಣೆಬರಹ. ಟೋಚನ್ ಮಾಡಿ, ಅಂದ್ರ ಬ್ಯಾರೆ ಗಾಡಿಗೆ ಕಟ್ಟಿ ಎಳದು, ಗಾಡಿ ತಂದು ನಿಲ್ಲಿಸಿದ ಕೂಡ್ಲೆ ಒಬ್ಬಾಂವ ಕೆಂಪು ದೀಪ ಹತ್ತಸೋ ಆಯಿಲ್ ಪ್ರೆಶರ್ ಸ್ವಿಚ್ ಬದಲಿ ಮಾಡ್ತಾನ. ಇನ್ನೊಬ್ಬಾಂವ ದಪ್ಪ ಆಯಿಲ್ ಸುರೀತಾನ. ಮತ್ತೊಬ್ಬಾಂವ ಹೊಸ ಆಯಿಲ್ ಪಂಪ್ ತರಸ್ತಾನ. ಕಡೀಕ ಒಬ್ಬಾಂವ ಸೀದಾ ಎಂಜಿನ್ ಬಿಚ್ಚಿ ಮಾಡೋ ಹಾಫ್ ಎಂಜಿನ್ ಕೆಲಸ ಅಂತ ಅಂದಾಜು ಬರದು ಕೈಯಾಗ ಕೊಡ್ತಾನ. ಒಬ್ಬರ ಹತ್ರನೂ ಗೇಜ್ ಇರಂಗಿಲ್ಲ. ಕೇಳಿದ್ರ "ಈ ಕಡೆ ಸಿಗಂಗಿಲ್ರೀ" ಅಂತಾರ. ಬೆಳಗಾವಿಯ ಉದ್ಯಮಬಾಗದಾಗ ಹೈಡ್ರಾಲಿಕ್ ಪಂಪು, ವಾಲ್ವು ತಯಾರ ಮಾಡಿ ಹೊರಗ ಕಳಸೋ ಊರಾಗ ನಿಂತು ಪ್ರೆಶರ್ ಗೇಜ್ ಸಿಗಂಗಿಲ್ಲ ಅಂತ ಹೇಳೋದಕ್ಕ ಬಾಯರೆ ಹೆಂಗ ಬರತೈತಿ? 0 ರಿಂದ 10 ಬಾರ್ (ಪ್ರೆಶರ್ ಅಳಿಯೋ ಮಾಪ) ತೋರಸೋ ಗ್ಲಿಸರಿನ್ ತುಂಬಿದ ಗೇಜು, ಬಿಸಿ ತಡಿಯೋ ಒಂದು ಮೀಟರ್ ಹೋಸು, ಸ್ವಿಚ್ ಕೂಡೋ ತೂತಿಗೆ ಹೊಂದೋ ಅಡಾಪ್ಟರು. ಇಷ್ಟ ಬೇಕಾಗೋದು. ಕೆಲವು ಎಂಜಿನ್‌ಗೆ 1/8 ಇಂಚಿನ ಟೇಪರ್ ಥ್ರೆಡ್, ಕೆಲವಕ್ಕ ಮಿಲಿಮೀಟರ್ ಅಳತಿಯ ಎಂ10, ಎಂ12, ಎಂ14. ನಾಕು ಅಡಾಪ್ಟರ್ ಲೇಥಿನವರ ಕಡಿಂದ ತಿರುಗಿಸಿ ಇಟಗೊಂಡ್ರ ವರ್ಷಾನುಗಟ್ಟಲೆ ನಡೀತೈತಿ.

ಗಾಡಿ ಹೊಡಿಯೋರ ಮ್ಯಾಲೂ ನನ್ನ ಸಿಟ್ಟು ಕಡಿಮಿ ಇಲ್ಲ. ಎಣ್ಣಿ ಗಿಂಡಿ ಚಿತ್ರದ ಆ ಕೆಂಪು ದೀಪ "ಆಯಿಲ್ ಕಡಿಮಿ ಆಗೈತಿ, ಊರಿಗೆ ಹೋದ ಮ್ಯಾಲೆ ಹಾಕಸು" ಅಂತ ಹೇಳೋ ದೀಪ ಅಲ್ಲ. ಎಂಜಿನ್ ಪೂರಾ ಕಾದಾಗ ಐಡಲ್‌ನಾಗ (ಎಕ್ಸಲೇಟರ್ ಒತ್ತದ ಬಿಟ್ಟಾಗ) ಸುಮಾರು 1 ಬಾರ್, 3000 ಆರ್‌ಪಿಎಂನಾಗ (ನಿಮಿಷಕ್ಕ ಎಂಜಿನ್ ತಿರುಗೋ ಸುತ್ತು) 3 ರಿಂದ 4 ಬಾರ್ ಇರೋದು ಸಾಧಾರಣ ಲೆಕ್ಕ. ದೀಪದ ಸ್ವಿಚ್ ಕೂಡೋದು 0.3 ರಿಂದ 0.5 ಬಾರ್‌ಗೆ ಇಳಿದಾಗ. ಅಂದ್ರ ಅದು ಹತ್ತೋ ಹೊತ್ತಿಗೆ ಪ್ರೆಶರ್ ಹೆಚ್ಚೂಕಡಿಮಿ ಮುಗದ ಹೋಗಿರತೈತಿ. ಎಂಜಿನ್ ಒಳಗ ತಿರುಗೋ ಕ್ರ್ಯಾಂಕು, ಅದನ್ನ ಹಿಡದ ಬೇರಿಂಗು ಒಂದಕ್ಕೊಂದು ತಾಗದಂಗ ನಡುವ ನಿಂತಿರೋದು ಕೂದಲಿಗಿಂತ ತೆಳ್ಳನ ಆಯಿಲ್ ಪದರ. ಅದು ಹರಿದ ಮ್ಯಾಲೆ ಲೋಹಕ್ಕ ಲೋಹ ತಿಕ್ಕತೈತಿ. ಟರ್ಬೊ ಇದ್ದ ಗಾಡಿ ಆದ್ರ ಅದರ ಶಾಫ್ಟ್ ನಿಮಿಷಕ್ಕ ಲಕ್ಷ ಸುತ್ತಿನ ಮ್ಯಾಲೆ ತಿರಗತಿರತೈತಿ, ಅದು ಕೆಲವು ಸೆಕೆಂಡೂ ತಡಿಯಂಗಿಲ್ಲ. "ಹತ್ತರಗಿ ಟೋಲ್ ದಾಟಿ ನಿಲ್ಲಸೂಣ", "ಇನ್ನೆರಡ ಕಿಲೋಮೀಟರ್ ಅಷ್ಟ". ಆ ಎರಡು ಕಿಲೋಮೀಟರ್‌ನಾಗ ಕ್ರ್ಯಾಂಕ್ ಹೋಗತೈತ್ರೀ! ಕ್ಲಚ್ ಒತ್ತಿ ನ್ಯೂಟ್ರಲ್ ಮಾಡ್ರಿ, ರಸ್ತೆ ಬಾಜೂಕ ಎಳೀರಿ, ಎಂಜಿನ್ ಬಂದ್ ಮಾಡ್ರಿ. ಗಾಡಿ ಪೂರಾ ನಿಲ್ಲೂತನಕ ಚಾವಿ ಪೂರಾ ಕೀಳಬ್ಯಾಡ್ರಿ, ಸ್ಟೀರಿಂಗ್ ಲಾಕ್ ಆಗತೈತಿ. ಸ್ಟೀರಿಂಗೂ ಬ್ರೇಕೂ ಗಟ್ಟಿ ಆಗ್ತಾವ, ಅದಕ್ಕ ತಯಾರಿರ್ರಿ.

ಆಮ್ಯಾಲೆ ಸಪಾಟ್ ಜಾಗಾದಾಗ 10 ನಿಮಿಷ ಬಿಟ್ಟು ಆಯಿಲ್ ಅಳಿಯೋ ಕಡ್ಡಿ (ಡಿಪ್‌ಸ್ಟಿಕ್) ಎಳದು ನೋಡ್ರಿ. ಕಡ್ಡಿ ಮ್ಯಾಲಿನ ಕೆಳಗಿನ ಗೀಟಿಗೂ ಮ್ಯಾಲಿನ ಗೀಟಿಗೂ ಭಾಳಷ್ಟು ಗಾಡ್ಯಾಗ ಒಂದು ಲೀಟರಿನ ಆಸುಪಾಸು ಅಂತರ. ಕಡ್ಡಿಗೆ ಆಯಿಲ್ ಹತ್ತಲೇ ಇಲ್ಲ ಅಂದ್ರ ಹೊರಗ ಸೋರೈತಿ, ಇಲ್ಲಾ ಹೊಗಿಯಾಗಿ ಸುಟ್ಟೈತಿ. ಗಾಡಿ ಬುಡಕ ಬಗ್ಗಿ ಡ್ರೇನ್ ಬೋಲ್ಟು, ಫಿಲ್ಟರಿನ ಬುಡ, ಎಂಜಿನ್ ಬುಡದಾಗ ಆಯಿಲ್ ನಿಲ್ಲೋ ಚೇಂಬರ್ ನೋಡ್ರಿ. ಸರ್ವಿಸ್ ಆಗಿ ಒಂದೆರಡು ದಿನದಾಗ ಹಿಂಗಾದ್ರ ಮೊದಲ ಅನುಮಾನ ಫಿಲ್ಟರ್ ಮ್ಯಾಲೆ ಇರಲಿ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ ಮುಖಕ್ಕ ಅಂಟಕೊಂಡ ಉಳದಿರತೈತಿ, ಹುಡುಗರು ನೋಡದ ಅದರ ಮ್ಯಾಲೆ ಹೊಸಾದು ಕೂಡಸ್ತಾರ. ಎರಡು ರಿಂಗ್ ಆದ್ರ ಪ್ರೆಶರ್ ಬಂದ ಕೂಡ್ಲೆ ಒಂದು ಜಾರಿ ಹೊರಗ ಬರತೈತಿ, ಮೂರು-ಮೂರೂವರೆ ಲೀಟರ್ ಆಯಿಲ್ ನೋಡನೋಡದ್ರಾಗ ರಸ್ತೆಗೆ. ಮುಖ ಒರಸ್ರಿ, ಹೊಸ ರಿಂಗಿಗೆ ಬೆರಳಿಲೆ ಆಯಿಲ್ ಹಚ್ರಿ, ರಿಂಗ್ ತಾಗಿದ ಮ್ಯಾಲೆ ಮುಕ್ಕಾಲು ಸುತ್ತು ಕೈಯಿಂದ ಬಿಗೀರಿ. ಇದಕ್ಕ ಎರಡು ನಿಮಿಷ ಸಾಕು.

ಕಡ್ಡಿ ಮ್ಯಾಲೆ ಆಯಿಲ್ ಬರೋಬರಿ ಇದ್ರ, ಸಮಾಧಾನ ಆತು ಅಂತ ಮತ್ತ ಚಾಲೂ ಮಾಡಬ್ಯಾಡ್ರಿ. ಆಯಿಲ್ ಇದ್ದೂ ಪ್ರೆಶರ್ ಇಲ್ಲದಿರೋದ ಹೆಚ್ಚಿನ ರೋಗ. ಆಯಿಲ್ ಮೂಸಿ ನೋಡ್ರಿ: ಪೆಟ್ರೋಲ್, ಡೀಸೆಲ್ ವಾಸನಿ ಬಂದು ಲೆವೆಲ್ ಮೊದಲಿಗಿಂತ ಏರಿದ್ರ ಇಂಧನ ಕೂಡಿ ತೆಳ್ಳಗಾಗೈತಿ. ಹಾಲು ಹಾಕಿದ ಚಹಾದ ಬಣ್ಣಕ್ಕ ತಿರುಗಿದ್ರ ನೀರು ಸೇರೈತಿ.

ಈಗ ವೈರು. ಒಂಟಿ ವೈರಿನ ಹಳೆ ನಮೂನಿ ಸ್ವಿಚ್ ಆದ್ರ ಚಾವಿ ಆನ್ ಮಾಡಿ, ಎಂಜಿನ್ ಚಾಲೂ ಮಾಡದ, ಆ ವೈರ್ ಕೀಳ್ರಿ. ದೀಪ ಆರದಿದ್ರ ವೈರ್ ಎಲ್ಲೋ ಬಾಡಿಗೆ ತಾಗೈತಿ. ಆರಿದ್ರ ವೈರ್ ಸರಿ ಐತಿ, ತಪ್ಪು ಸ್ವಿಚ್ಚಿಂದೋ ಪ್ರೆಶರಿಂದೋ ಅನ್ನೋದು ಗೇಜ್ ಹೇಳಬೇಕು. ಹೊಸ ಗಾಡ್ಯಾಗ ಸೆನ್ಸರ್ ಸಿಗ್ನಲ್ ಎಂಜಿನ್ ಕಂಪ್ಯೂಟರಿಗೆ (ಇಸಿಯು) ಹೋಗತೈತಿ, ಅಲ್ಲಿ ಈ ಪರೀಕ್ಷೆ ನಡಿಯಂಗಿಲ್ಲ, ಸ್ಕ್ಯಾನರ್ ಬೇಕು. ಆದ್ರ ಗೇಜ್ ಅಲ್ಲೂ ಬೇಕು, ಯಾಕಂದ್ರ ಸ್ಕ್ಯಾನರ್ ಓದೋದು ಅನುಮಾನ ಇರೋ ಅದ ಸೆನ್ಸರನ್ನ.

ಸ್ವಿಚ್ ಬಿಚ್ಚಿ ಆ ತೂತಿಗೆ ಗೇಜ್ ಹಚ್ರಿ. ಎಂಜಿನ್ ಬಂದ್ ಮಾಡೋ ಮೊದಲ ಬಡಿಯೋ ಸದ್ದು ಮಾಡಿದ್ರ ಚಾಲೂ ಮಾಡಲಾರದ, ಪೆಟ್ರೋಲ್ ಗಾಡಿಗೆ ಪಂಪಿನ ಫ್ಯೂಸ್ ಕಿತ್ತು, ಹೊಸ ನಮೂನಿ ಡೀಸೆಲ್‌ಗೆ ಇಂಜೆಕ್ಟರ್ ಕನೆಕ್ಟರ್ ತಗದು, 10 ಸೆಕೆಂಡು ಸೆಲ್ಫ್ ಹೊಡೀರಿ. ಪಂಪ್ ಜೀವಂತ ಇದ್ರ ಮುಳ್ಳು ಅಲ್ಲಾಡತೈತಿ. ಎರಡ್ಮೂರು ಸಲ ಹೊಡದ್ರೂ ಸೊನ್ನಿ ಬಿಟ್ಟು ಏಳಲಿಲ್ಲ ಅಂದ್ರ ಪಂಪಿನ ಡ್ರೈವ್ ಮುರದೈತಿ, ಇಲ್ಲಾ ಚೇಂಬರಿನಿಂದ ಆಯಿಲ್ ಹೀರೋ ಪೈಪ್ ಕಳಚೈತಿ, ಇಲ್ಲಾ ಅದರ ಬಾಯಿಗಿರೋ ಜಾಳಿ ಪೂರಾ ಮುಚ್ಚೈತಿ. ಮುಳ್ಳು ಎದ್ರ ಚಾಲೂ ಮಾಡಿ ಮೂರು ಅಂಕಿ ಬರಕೋರಿ: ತಣ್ಣಗಿದ್ದಾಗಿನ ಐಡಲ್, ಫ್ಯಾನ್ ತಿರುಗೂವಷ್ಟು ಕಾದ ಮ್ಯಾಲಿನ ಐಡಲ್, ಕಾದ ಮ್ಯಾಲೆ 3000 ಆರ್‌ಪಿಎಂ. ಅದನ್ನ ಆ ಎಂಜಿನ್ನಿನ ಮ್ಯಾನುಅಲ್ ಅಂಕಿಗೆ ಹೋಲಸ್ರಿ. ಅರ್ಧ ರೋಗ ಅಲ್ಲೇ ಸಿಗತೈತಿ. ತಣ್ಣಗಿದ್ದಾಗ ಚಲೋ, ಕಾದ ಮ್ಯಾಲೆ ಬಿದ್ದ ಹೋತು ಅಂದ್ರ ಬೇರಿಂಗ್ ಸವದಾವ, ಇಲ್ಲಾ ಆಯಿಲ್ ತೆಳ್ಳಗಾಗೈತಿ. ಐಡಲ್‌ನಾಗ ಸರಿ ಇದ್ದು ಎಕ್ಸಲೇಟರ್ ಕೊಟ್ಟಂಗ ಮುಳ್ಳು ನಡುಗಿ ಇಳಿದ್ರ ಜಾಳಿ ಕಟ್ಟೈತಿ, ಇಲ್ಲಾ ಹೀರೋ ಪೈಪಿನ ಓ-ರಿಂಗ್ ಒಡದು ಗಾಳಿ ಎಳೀತೈತಿ. ಆರ್‌ಪಿಎಂ ಎಷ್ಟು ಏರಿಸಿದ್ರೂ ಪ್ರೆಶರ್ ಏರದ ಕೆಳಗ ಒಂದ ಕಡೆ ನಿಂತ್ರ, ಪ್ರೆಶರ್ ಮಿತಿ ಮೀರದಂಗ ತಡಿಯೋ ರಿಲೀಫ್ ವಾಲ್ವ್ ತೆರದ ಸಿಕ್ಕೈತಿ. ತಿರುವಿನ್ಯಾಗಷ್ಟ ದೀಪ ಮಿಣಕಿದ್ರ ಲೆವೆಲ್ ಕಡಿಮಿ. ಮೂರೂ ಅಂಕಿ ಬರೋಬರಿ ಇದ್ರ ಆಗ, ಆಗ ಮಾತ್ರ, ಸ್ವಿಚ್ ಬದಲಿ ಮಾಡ್ರಿ. ಅದರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬ್ಯಾಡ್ರಿ. ಅರ್ಥಿಂಗ್ ಸಿಗೋದ ಆ ಥ್ರೆಡ್ ಮೂಲಕ.

ದಪ್ಪ ಆಯಿಲ್ ಹಾಕೋರ ವಿಷಯಕ್ಕ ಬರ್ತೀನಿ. 5ಡಬ್ಲ್ಯು-30 ಹಾಕಬೇಕಾದ ಎಂಜಿನ್‌ಗೆ 20ಡಬ್ಲ್ಯು-50 ಸುರದು, ದೀಪ ಆರಿತು, ಗಾಡಿ ಸರಿ ಆತು ಅಂತ ಕಳಸೋದು ಮೋಸ. ಪಂಪ್ ಪ್ರೆಶರ್ ಹುಟ್ಟಸಂಗಿಲ್ಲ, ಅದು ಆಯಿಲ್ ದೂಡತೈತಿ ಅಷ್ಟ. ಬೇರಿಂಗಿನ ಸಂದಿ ಆ ಹರಿವನ್ನ ತಡದಾಗ ಪ್ರೆಶರ್ ಹುಟ್ಟತೈತಿ. ಸಂದಿಯೊಳಗಿಂದ ಸೋರೋ ಆಯಿಲ್ ಸಂದಿಯ ಘನಕ್ಕ ತಕ್ಕಂಗ ಏರತೈತಿ. ಸಂದಿ ಎರಡಪಟ್ಟಾದ್ರ ಸೋರಿಕಿ ಎಂಟಪಟ್ಟು. ದಪ್ಪ ಆಯಿಲ್ ಆ ಸೋರಿಕಿ ಕಡಿಮಿ ಮಾಡಿ ಮುಳ್ಳು ಏರಸತೈತಿ, ಸಂದಿ ಹಂಗ ಉಳೀತೈತಿ. ಅದರ ಮ್ಯಾಲೆ ಬೆಳಿಗ್ಗೆ ತಣ್ಣಗಿದ್ದಾಗ ಆ ಆಯಿಲ್ ಕ್ಯಾಮ್‌ಶಾಫ್ಟ್‌ತನಕ ತಡಮಾಡಿ ಮುಟ್ಟತೈತಿ. ಜಾಳಿ ಕಟ್ಟಿದ ಎಂಜಿನ್‌ಗಂತೂ ದಪ್ಪ ಆಯಿಲ್ ಹೀರೋದ ಕಷ್ಟ.

ಆ ಜಾಳಿ ಕಟ್ಟೋದು ಎಲ್ಲಿಂದ? ಆಯಿಲ್ ವ್ಯಾಳ್ಯಾಕ್ಕ ಬದಲಿ ಮಾಡದ ಕರಿ ರಾಡಿ ಆಗಿ ಕುಂತದ್ದರಿಂದ. ಮತ್ತ ಚೇಂಬರ್ ಕೂಡಸುವಾಗ ಕೈಗೆ ಬಂದಂಗ ಹಚ್ಚೋ ಸಿಲಿಕಾನ್ ಪೇಸ್ಟ್‌ನಿಂದ! ಎರಡ್ಮೂರು ಮಿಲಿಮೀಟರಿನ ಒಂದ ಎಳಿ ಸಾಕು ಅಂದ್ರ ಬೆರಳು ದಪ್ಪ ಹಚ್ತಾರ. ಹೊರಗ ಉಬ್ಬಿದ್ದು ಕಾಣಸತೈತಿ, ಒಳಗೂ ಅಷ್ಟ ಉಬ್ಬಿರತೈತಿ. ಅದು ಹರದು ಬಿದ್ದು ಸೀದಾ ಜಾಳಿಗೆ ಹೋಗಿ ಕೂಡತೈತಿ. ಮೂರನೇದು ಡೀಸೆಲ್ ಹಾಕಿ ಎಂಜಿನ್ ತೊಳೆಯೋ ಚಟ. ರಾಡಿ ತುಂಬಿದ ಎಂಜಿನ್‌ನಾಗ ಡೀಸೆಲ್ ಹಾಕಿ ಚಾಲೂ ಮಾಡಿದ್ರ ಬೇರಿಂಗಿಗೆ ಆಯಿಲ್ ಪದರ ಸಿಗಂಗಿಲ್ಲ, ಮ್ಯಾಲಿಂದ ಗಡ್ಡಿ ಗಡ್ಡಿ ಕಿತ್ತ ಬಂದು ಜಾಳಿ ಮುಚ್ಚತೈತಿ. ಗಾಡಿ ತೊಳದ ಮರುವಾರ ದೀಪ ಹತ್ತೋದು ಇದಕ್ಕ. ರಾಡಿ ಕಂಡ್ರ ಚೇಂಬರ್ ಇಳಿಸಿ ಕೈಯಿಂದ ತಗೀಬೇಕು, ಬ್ಯಾರೆ ದಾರಿ ಇಲ್ಲ.

ಕಬ್ಬಿನ ಹಂಗಾಮಿನ್ಯಾಗ ನಮ್ಮ ಮುಧೋಳ, ಗೋಕಾಕ, ಅಥಣಿ ಕಡೆ ರಸ್ತೆ ಹೆಂಗಿರ್ತಾವ ಎಲ್ಲಾರಿಗೂ ಗೊತ್ತು. ಟ್ರೇಲರ್ ಗಾಲಿ ತೋಡಿದ ಗಾಡಿದಾರಿ ನಡುವಿನ ದಿಬ್ಬ ಚೇಂಬರಿಗೆ ಬಡೀತೈತಿ. ಚೇಂಬರ್ ಒಡಿಲಿಲ್ಲ, ಸೋರಲಿಲ್ಲ ಅಂತ ಸುಮ್ಮನಾಗಬ್ಯಾಡ್ರಿ. ಹೀರೋ ಪೈಪಿನ ಬಾಯಿಗೂ ಚೇಂಬರ್ ತಳಕ್ಕೂ ನಡುವ ಇರೋದ ಕೆಲವು ಮಿಲಿಮೀಟರ್. ತಗಡು ಒಳಗ ತಗ್ಗಿತು ಅಂದ್ರ ಬಾಯಿಗೆ ಮುಚ್ಚಳ ಹಾಕಿದಂಗ. ಆಯಿಲ್ ತುಂಬೈತಿ, ಪಂಪ್ ಹೊಸಾದು, ಪ್ರೆಶರ್ ಇಲ್ಲ! ಬುಡಕ ಬಗ್ಗಿ ನೋಡಿದ್ರ ಕಾಣೋ ತಗ್ಗಿಗೆ ಪಂಪ್ ಬದಲಿ ಮಾಡಿಸಿ ಗಿರಾಕಿ ರೊಕ್ಕ ಹಾಳ ಮಾಡ್ತಾರ.

ಪಂಪನ್ನ ಬದಲಿ ಮಾಡೋ ಮೊದಲ ಅದನ್ನೂ ಅಳೀರಿ. ಮುಚ್ಚಳ ಬಿಚ್ಚಿ ನೆಟ್ಟಗಿನ ಪಟ್ಟಿ (ಸ್ಟ್ರೇಟ್ ಎಜ್) ಇಟ್ಟು ಸಂದಿ ಅಳಿಯೋ ತೆಳ್ಳನ ತಗಡು (ಫೀಲರ್ ಗೇಜ್) ಹಾಕ್ರಿ, ಗೇರಿಗೂ ಮುಚ್ಚಳಕ್ಕೂ ನಡುವ 0.1 ಮಿಲಿಮೀಟರ್ ದಾಟಿದ್ರ ಸಾಮಾನ್ಯವಾಗಿ ಅದರ ಕತಿ ಮುಗೀತು. ರಿಲೀಫ್ ವಾಲ್ವಿನ ಪಿಸ್ಟನ್ ಬೆರಳಿಗೆ ಸಲೀಸ ಜಾರಬೇಕು. ಹೊಸ ಪಂಪಿನೊಳಗ ಆಯಿಲ್ ತುಂಬಿ ಕೂಡಸ್ರಿ, ಒಣಾ ಕೂಡಸಿದ್ರ ಅದು ಗಾಳಿ ತಿರವತೈತಿ ಹೊರತು ಆಯಿಲ್ ಎಳಿಯಂಗಿಲ್ಲ. ಸೆಲ್ಫ್ ಹೊಡದು ಗೇಜ್ ಮುಳ್ಳು ಏಳೂತನಕ ಎಂಜಿನ್ ಚಾಲೂ ಮಾಡಬಾರದು.

ಹಳೆ ಫಿಲ್ಟರ್ ಎಸೀಬ್ಯಾಡ್ರಿ, ಕತ್ತರಸಿ ಕಾಗದ ಬಿಡಸಿ ಬೆಳಕಿಗೆ ಹಿಡೀರಿ. ಮಿನುಗೋ ಚೂರು ಮ್ಯಾಗ್ನೆಟ್‌ಗೆ ಹತ್ತಿದ್ರ ಕಬ್ಬಿಣ, ಹತ್ತದಿದ್ರ ಹೆಚ್ಚಾಗಿ ಬೇರಿಂಗಿನ ಅಲ್ಯುಮಿನಿಯಂ ಇಲ್ಲಾ ತಾಮ್ರ. ಚೂರು ಕಂಡ್ರ ಮಾತ್ರ ಬೇರಿಂಗ್ ಕ್ಯಾಪ್ ಬಿಚ್ಚಿ ಒತ್ತಿದಾಗ ಚಪ್ಪಟಿ ಆಗೋ ಪ್ಲಾಸ್ಟಿಗೇಜ್ ಎಳಿ ಇಟ್ಟು ಸಂದಿ ನೋಡ್ರಿ, ಕ್ರ್ಯಾಂಕಿಗೆ ಮೈಕ್ರೋಮೀಟರ್ ಹಿಡೀರಿ. ಕ್ರ್ಯಾಂಕ್ ಅಳೀದ ಬರೀ ಬೇರಿಂಗ್ ಸೆಟ್ ಬದಲಿ ಮಾಡಿ ಕಳಸಿದ್ರ ಗಾಡಿ ಭಾಳ ದಿವಸ ಓಡಂಗಿಲ್ಲ. ಗೀರು ಬಿದ್ದ ಜರ್ನಲ್ (ಬೇರಿಂಗಿನೊಳಗ ತಿರುಗೋ ಕ್ರ್ಯಾಂಕಿನ ಭಾಗ) ಆದ್ರ 0.25 ಇಲ್ಲಾ 0.50 ಮಿಲಿಮೀಟರ್ ಗ್ರೈಂಡಿಂಗ್ ಮಾಡಿಸಿ ಅದ ಅಳತಿ ಬೇರಿಂಗ್ ಹಾಕ್ರಿ.

ಎಲ್ಲಾಕ್ಕಿಂತ ಹೊಲಸ ಕೆಲಸ ಇನ್ನೊಂದೈತಿ. ದೀಪ ಆರಲಿಲ್ಲ ಅಂತ ವೈರ್ ಕಿತ್ತು, ಗಾಡಿ ಇನ್ನೊಬ್ಬರಿಗೆ ಮಾರೋದು. ಹಳೆ ಗಾಡಿ ತಗೊಳ್ಳೋರು ಚಾವಿ ಆನ್ ಮಾಡಿ ನೋಡ್ರಿ: ದೀಪ ಹತ್ತಬೇಕು, ಎಂಜಿನ್ ಚಾಲೂ ಆಗಿ ಎರಡ್ಮೂರು ಸೆಕೆಂಡಿನ್ಯಾಗ ಆರಬೇಕು. ಚಾವಿ ಆನ್ ಮಾಡಿದಾಗ ಹತ್ತಲೇ ಇಲ್ಲ ಅಂದ್ರ, ಸಿಸ್ಟಂ ಗೊತ್ತಿದ್ದವರ ಕಡಿಂದ ಬಲ್ಬು, ವೈರು ನೋಡಸದ ಒಂದು ರೂಪಾಯಿ ಅಡ್ವಾನ್ಸ್ ಕೊಡಬ್ಯಾಡ್ರಿ.

ಗಿರಾಕಿಗಳಿಗೆ ಹೇಳ್ತೀನಿ: ಪಂಪ್ ಬದಲಿ, ಹಾಫ್ ಎಂಜಿನ್, ಏನ ಅಂದ್ರೂ ಹೂಂ ಅನ್ನೋ ಮೊದಲ ಆ ಮೂರು ಅಂಕಿ ಕೇಳ್ರಿ. ತಣ್ಣಗಿನ ಐಡಲ್ ಎಷ್ಟು, ಕಾದ ಐಡಲ್ ಎಷ್ಟು, 3000ಕ್ಕ ಎಷ್ಟು. ಅಂದಾಜು ಚೀಟಿ ಮ್ಯಾಲೆ ಬರದು ಕೊಡ್ರಿ ಅನ್ರಿ. ಕೆಲಸ ಮುಗಿದ ಮ್ಯಾಲೆ ಅದ ಮೂರು ಅಂಕಿ ಬಿಲ್ಲಿನ ಮ್ಯಾಲೆ ಮತ್ತೊಮ್ಮೆ ಬರಸಕೋರಿ. ಬರದು ಕೊಡಂಗಿಲ್ಲ ಅಂದ್ರ ಗಾಡಿ ಅಲ್ಲಿಂದ ಟೋಚನ್ ಮಾಡಿ ಬ್ಯಾರೆ ಕಡೆ ಒಯ್ರಿ.