ಬಾನೆಟ್ ಎತ್ತಿದರೆ ಸಾಕು

ಕೊಡಗಿನಲ್ಲಿ ಹಳೇ ಮಿಲಿಟ್ರಿ ಲಾರಿ ಇಟ್ಟುಕೊಂಡವರಿಗೆ ಮೆಕ್ಯಾನಿಕ್ ಸಿಗಲಿಲ್ಲ ಅನ್ನುವ ಚಿಂತೆ ಇರುವುದಿಲ್ಲ. ಜಾಸ್ತಿ ಸಿಗುತ್ತಾರಲ್ಲ ಅನ್ನುವುದೇ ಚಿಂತೆ. ಬಾನೆಟ್ ಎತ್ತಿ ನಿಲ್ಲಿಸುವಷ್ಟರಲ್ಲಿ ಗೇಟಿನ ಹತ್ತಿರ ಒಬ್ಬ ನಿವೃತ್ತ ಹವಾಲ್ದಾರರು ಬಂದು ನಿಂತಿರುತ್ತಾರೆ. ಕಾರ್ಯಪ್ಪನವರು, ತಿಮ್ಮಯ್ಯನವರು ಹುಟ್ಟಿದ ಜಿಲ್ಲೆ ಅಲ್ವಾ? ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ "ಸಾಬ್" ಅಂತ ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ.

ನಮ್ಮದು ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ತೆಗೆದುಕೊಂಡು 1959ರಿಂದ ಜಬಲ್ಪುರದಲ್ಲಿ ಸೇನೆಗಾಗಿ ತಯಾರಿಸಿದ ಲಾರಿ. ಅಪ್ಪ ಅದನ್ನು ಹರಾಜಿನಲ್ಲಿ ತಂದರು. ಮಳೆಗಾಲದಲ್ಲಿ ತೋಟದ ಕೆಸರು ದಾರಿಯಲ್ಲಿ ಗೊಬ್ಬರ, ಸಿಲ್ವರ್ ಓಕ್ ಮರದ ತುಂಡು ಎಳೆಯಲು ನಾಲ್ಕೂ ಚಕ್ರ ತಿರುಗುವ ಗಾಡಿ ಬೇಕಿತ್ತು. ಸೇನೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಆಲಿವ್ ಹಸಿರು ಬಳಿಯುವಂತಿಲ್ಲ ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಾಗಾಗಿ ಅಪ್ಪ ನೀಲಿ ಬಳಿಸಿದರು. ಈಗ ನೀಲಿ ಉದುರಿದಲ್ಲೆಲ್ಲ ಹಸಿರು ಇಣುಕುತ್ತದೆ. ಬಂಪರಿನ ಒಂದು ಕಡೆ ಹಳೇ ನಂಬರಿನ ಮೇಲ್ಮುಖ ಬಾಣವೂ ಮಸುಕಾಗಿ ಕಾಣುತ್ತದೆ. ಬಂದವರೆಲ್ಲ ಮೊದಲು ಆ ಬಾಣವನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾರೆ. ಬಾಣದ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಬಂದ ವರ್ಷ. ಅದನ್ನು ಓದಿ, "ಓ, ಆಗ ನಾನು ತೇಜ್‌ಪುರದಲ್ಲಿದ್ದೆ" ಅಂತ ಶುರು ಮಾಡಿದರೆ ಮುಗಿಯಿತು, ಕಾಫಿಗೆ ಬೆಲ್ಲ ಹಾಕಿ ಅಂತ ಒಳಗೆ ಹೇಳಬೇಕು.

ಹಿಂದಿನ ಚಕ್ರಗಳ ನಡುವೆ ಗುಂಡಾಗಿ ಕಾಣುವ ಡಿಫರೆನ್ಷಿಯಲ್ಲಿಗೆ ಬಿಳಿ ಬಣ್ಣ ಇದೆ, ಮೇಲೊಂದು ಪುಟ್ಟ ಬಲ್ಬ್. ರಾತ್ರಿ ಕಾನ್ವಾಯಿಯಲ್ಲಿ ಹೆಡ್‌ಲೈಟ್ ಹಾಕದೆ ಹೋಗುವಾಗ ಹಿಂದಿನ ಡ್ರೈವರ್ ಆ ಬಿಳಿ ಗುಂಡನ್ನೇ ನೋಡಿಕೊಂಡು ಬರಬೇಕಂತೆ. ಈಗ ಅದನ್ನು ನೋಡಿಕೊಂಡು ಹಿಂದೆ ಬರುವುದು ನಮ್ಮ ನಾಯಿ ಮಾತ್ರ.

ಸಲಹೆಗಾರರಲ್ಲಿ ಇಬ್ಬರು ಕಾಯಂ. ಒಬ್ಬರು ಸೇನೆಯ ಸರಬರಾಜು ವಿಭಾಗವಾದ ಎ.ಎಸ್.ಸಿ.ಯಲ್ಲಿ ಲಾರಿ ಓಡಿಸಿದವರು, ಡ್ರೈವರ್ ಮಾವ. ಇನ್ನೊಬ್ಬರು ಸೇನೆಯ ರಿಪೇರಿ ವಿಭಾಗವಾದ ಇ.ಎಂ.ಇ.ಯಲ್ಲಿ ಲಾರಿ ರಿಪೇರಿ ಮಾಡಿದವರು, ವರ್ಕ್‌ಶಾಪ್ ಮಾವ. ಓಡಿಸುವವನು ಕೆಡಿಸುತ್ತಾನೆ ಅಂತ ಇವರು, ಬಿಚ್ಚುವವನು ಕೆಡಿಸುತ್ತಾನೆ ಅಂತ ಅವರು. ಪೆನ್ಷನ್ ಬಂದು ಎಷ್ಟೋ ವರ್ಷವಾಯಿತು, ಈ ಜಗಳಕ್ಕೆ ಮಾತ್ರ ರಿಟೈರ್‌ಮೆಂಟ್ ಇಲ್ಲ.

ಲಾರಿಗೆ ಏರ್ ಹಿಡಿದ ದಿನ ಇವರಿಬ್ಬರನ್ನೂ ನೋಡಬೇಕು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಿಡಿ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಬೇಕು. ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಆ ಗಾಳಿಯನ್ನೇ ಒತ್ತುತ್ತಾ ಕೂರುತ್ತದೆ, ಡೀಸೆಲ್ ಮುಂದೆ ಹೋಗುವುದಿಲ್ಲ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈಪಂಪು ಒತ್ತಬೇಕು. ಮೊದಲು ಬರೀ ನೊರೆ. ಆಮೇಲೆ ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ. ಕೊನೆಗೆ ಗುಳ್ಳೆಯೇ ಇಲ್ಲದ ಡೀಸೆಲ್ ಮೊಣಕೈ ತನಕ ಇಳಿಯುತ್ತದೆ. ಆಗ ಸ್ಕ್ರೂ ಬಿಗಿ ಮಾಡಿ, ಇಂಜೆಕ್ಟರ್ ಪೈಪುಗಳ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆದು, ಅಲ್ಲಿಯ ಗಾಳಿಯನ್ನೂ ಓಡಿಸಬೇಕು. ಇದು ವರ್ಕ್‌ಶಾಪ್ ಮಾವನ ದಾರಿ.

"ಇಷ್ಟೆಲ್ಲ ಎಂತಕ್ಕೆ ಮಾರಾಯ? ಇಳಿಜಾರಲ್ಲಿ ಬಿಡು, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟರೆ ತಾನಾಗಿ ಹೊಡೀತದೆ." ಇದು ಡ್ರೈವರ್ ಮಾವನ ದಾರಿ.

ಅಪ್ಪ ವಯಸ್ಸಿನಲ್ಲಿ ದೊಡ್ಡವರ ಮಾತು ಕೇಳಿದರು. ಡ್ರೈವರ್ ಮಾವ ಎರಡು ವರ್ಷ ದೊಡ್ಡವರು. ಲಾರಿ ಅಂಗಳದಿಂದ ಗದ್ದೆಯ ತನಕ ಬಹಳ ಮರ್ಯಾದೆಯಿಂದ, ಸದ್ದಿಲ್ಲದೆ ಇಳಿಯಿತು. ಗದ್ದೆಯ ಬದುವಿಗೆ ಮೂತಿ ಊರಿ ನಿಂತಿತು. ಟ್ರ್ಯಾಕ್ಟರಿನವನು ಮರುದಿನ ಬರುತ್ತೇನೆ ಅಂದ. ಹೀಗಾಗಿ ಏರ್ ತೆಗೆಯುವ ಕೆಲಸ ಗದ್ದೆಯ ಕೆಸರಿನಲ್ಲಿ ನಿಂತು ಮಾಡಿದ್ದಾಯಿತು. ವರ್ಕ್‌ಶಾಪ್ ಮಾವ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಒಂದೇ ಒಂದು ಮಾತು ಆಡಲಿಲ್ಲ. ಅವರು ಮಾತಾಡಿದ್ದರೇ ವಾಸಿ ಇತ್ತು.

ಗಾಳಿ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು ಪೈಪಿನ ಜಾಯಿಂಟಿನ ತಾಮ್ರದ ವಾಷರ್. ಹಳೇ ವಾಷರ್ ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಅಮ್ಮನ ಒಲೆಯಲ್ಲಿ ಅಕ್ಕಿತರಿಯ ಉಂಡೆ, ಕಡಂಬುಟ್ಟು ಬೇಯುತ್ತಿತ್ತು. ಕೆಂಡದ ಅಂಚಿನಲ್ಲಿ ವಾಷರ್ ಇಟ್ಟೆವು. ಕಾಫಿ ಕುಡಿದು ಬರುವಷ್ಟರಲ್ಲಿ ಒಲೆ ಖಾಲಿ. ಅಮ್ಮ ಕೆಂಡ, ಬೂದಿ ಎಲ್ಲವನ್ನೂ ಮೊರದಲ್ಲಿ ತುಂಬಿ ಬಾಳೆಯ ಬುಡಕ್ಕೆ ಹಾಕಿದ್ದರು. ನಿವೃತ್ತ ಸುಬೇದಾರರೊಬ್ಬರು, ಹವಾಲ್ದಾರರಿಬ್ಬರು ಸೇರಿ ಬಾಳೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೂದಿ ಕೆದಕಿದರು. ವಾಷರ್ ಸಿಕ್ಕಿತು. ಮೆತ್ತಗೂ ಆಗಿತ್ತು.

ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳುವ ವಿದ್ಯೆಯೂ ಇವರಲ್ಲಿದೆ. ಕಪ್ಪಾದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹಾಗೇ ಹೊರಗೆ ಬರುತ್ತಿದೆ. ರಾಜಸ್ಥಾನದ ಮರಳಿನಲ್ಲಿ ಇದು ಸರಿ. ಜಡಿಮಳೆಯ ಕಕ್ಕಡ ತಿಂಗಳ ಬೆಳಿಗ್ಗೆ ಇಲ್ಲಿ ಮಂಜು ಯಾವುದು, ಹೊಗೆ ಯಾವುದು? ಒಮ್ಮೆ ಲಾರಿಯ ಹಿಂದೆ ನಿಂತು ಬಿಳಿಯೋ ನೀಲಿಯೋ ಅಂತ ಬಹಳ ಹೊತ್ತು ವಾದ ನಡೆಯಿತು. ಇಂಜಿನ್ ಆಗಲೇ ಆಫ್ ಆಗಿತ್ತು.

ಆಫ್ ಅಂದದ್ದಕ್ಕೆ ನೆನಪಾಯಿತು. ಇಂಥ ಹಳೇ ಡೀಸೆಲ್ ಇಂಜಿನ್ ಬೀಗದ ಕೈ ತಿರುಗಿಸಿದರೆ ನಿಲ್ಲುವುದಿಲ್ಲ. ಒಮ್ಮೆ ಹೊಡೆದುಕೊಂಡ ಮೇಲೆ ಅದಕ್ಕೆ ಕರೆಂಟಿನ ಹಂಗೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಸ್ಟಾಪ್ ಗುಬಟು ಎಳೆದರೆ ತಂತಿ ಹೋಗಿ ಪಂಪಿನಲ್ಲಿ ಡೀಸೆಲ್ ಕಟ್ ಮಾಡಬೇಕು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕುರ್ಚಿ, ಬಾಳೆಗೊನೆ, ನೆಂಟರು ಎಲ್ಲವನ್ನೂ ಹೇರಿಕೊಂಡು ಊರ ಮೈದಾನಕ್ಕೆ ಹೋದೆವು. ಬೆಳಿಗ್ಗೆ ಕೋವಿಗಳಿಗೆ ತೋಕ್‌ಪೂ ಇಟ್ಟು ಪೂಜೆ ಮಾಡುವಾಗ ಲಾರಿಯ ಬಾನೆಟ್ಟಿಗೂ ಒಂದು ಹೂ ಸಿಕ್ಕಿಸಿದ್ದೆವು. ಮೈದಾನದ ಬಾಗಿಲಿನಲ್ಲಿ ನಿಲ್ಲಿಸಿ ಗುಬಟು ಎಳೆದೆ. ಗುಬಟು, ಅದರ ಹಿಂದೆ ಮೊಳದುದ್ದ ತಂತಿ, ಎರಡೂ ಕೈಗೆ ಬಂದವು. ಇಂಜಿನ್ ಗುಡುಗುತ್ತಲೇ ಇತ್ತು.

ಅತ್ತ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರುವಾಗುವುದರಲ್ಲಿತ್ತು. ಮೈಕಿನಲ್ಲಿ, "ಲಾರಿ ಮಾಲೀಕರು ದಯವಿಟ್ಟು ಇಂಜಿನ್ ಆಫ್ ಮಾಡಬೇಕು" ಅಂದರು. ನಾನು ಬೀಗದ ಕೈ ಎತ್ತಿ ತೋರಿಸಿದೆ. ಇನ್ನೊಂದು ಕೈಯಲ್ಲಿ ಗುಬಟು. ಮೈದಾನದಲ್ಲಿದ್ದ ಫೌಜಿಗಳೆಲ್ಲ ಎದ್ದು ಬಂದರು.

"ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಡ್ಬೇಕು. ಸತ್ತು ಹೋಗ್ತದೆ," ಅಂತ ಡ್ರೈವರ್ ಮಾವ ಒಳಗೆ ಹತ್ತಿದರು. ಅದೇ ಹೊತ್ತಿಗೆ ಬಾನೆಟ್ಟಿನ ಕಡೆಯಿಂದ ವರ್ಕ್‌ಶಾಪ್ ಮಾವ, ಯಾರಿಗೂ ಹೇಳದೆ, ಡೀಸೆಲ್ ಪೈಪನ್ನೇ ಬಿಚ್ಚಿದರು. ಲಾರಿ ಒಮ್ಮೆ ಕುಪ್ಪಳಿಸಿ ಗಪ್ಪಾಯಿತು. ಇಬ್ಬರೂ ತಾನೇ ನಿಲ್ಲಿಸಿದ್ದು ಅಂತ ಸುತ್ತ ನೋಡಿದರು. ಮೈಕಿನವರು ಇಬ್ಬರಿಗೂ ಥ್ಯಾಂಕ್ಸ್ ಹೇಳಿದರು.

ಆಮೇಲೆ ಊಟದ ಪಾತ್ರೆಗಳ ಜೀಪು ಬಂತು. ಬಾಗಿಲಿಗೆ ಅಡ್ಡ ನಮ್ಮ ಲಾರಿ. ಪೈಪು ಬಿಚ್ಚಿದ ಮೇಲೆ ಏರ್ ಹಿಡಿಯದೆ ಇರುತ್ತದೆಯೇ? ಪಂದಿಕರಿ ಹೊರಗೆ, ಹಸಿದ ಊರು ಒಳಗೆ. ಸುಬೇದಾರರು ಪಂಚೆ ಎತ್ತಿ ಕಟ್ಟಿ, "ಏಕ್, ದೋ" ಅಂತ ಕೂಗಿದರು. ಊರಿಗೆ ಊರೇ ಹೆಗಲು ಕೊಟ್ಟು ಲಾರಿಯನ್ನು ಪಕ್ಕಕ್ಕೆ ತಳ್ಳಿತು.

ಮೈಕು ಮತ್ತೆ ಗೊರಗುಟ್ಟಿತು. "ಲಾರಿ ತಳ್ಳಿದವರಲ್ಲಿ ಯಾರಿಗಾದರೂ ಶಕ್ತಿ ಉಳಿದಿದ್ದರೆ ಹಗ್ಗಜಗ್ಗಾಟಕ್ಕೆ ಹೆಸರು ಕೊಡಬಹುದು."