ಉಸಿರು ಬಿಡಬೇಡಿ, ತೂಗುತ್ತಿದ್ದೇನೆ

ಒಂದು ಗ್ರಾಂನಲ್ಲಿ ನೂರನೇ ಒಂದು ಪಾಲನ್ನೂ ತೋರಿಸುವ ಡಿಜಿಟಲ್ ತಕ್ಕಡಿಗೆ ಒಂದು ದೊಡ್ಡ ಕಾಯಿಲೆ ಇದೆ: ತಟ್ಟೆಯ ಮೇಲಿಟ್ಟಿದ್ದನ್ನು ಮಾತ್ರ ತೂಗು ಎಂದರೆ ಕೇಳುವುದಿಲ್ಲ. ಫ್ಯಾನಿನ ಗಾಳಿ, ಪಕ್ಕದ ಕೋಣೆಯಲ್ಲಿ ಬಡಿದ ಬಾಗಿಲು, ಮೇಜಿನ ಬಳಿ ಹಾದುಹೋದವರ ಹೆಜ್ಜೆ, ಬೇಸತ್ತು ನಾನು ಬಿಟ್ಟ ನಿಟ್ಟುಸಿರು, ಎಲ್ಲಕ್ಕೂ ಲೆಕ್ಕ ಕೊಡುತ್ತದೆ.

ನನಗೆ ಬೇಕಿದ್ದದ್ದು ಬರೀ ಅರ್ಧ ಗ್ರಾಂ ಗೊಬ್ಬರದ ಪುಡಿ, ಮೀನಿನ ತೊಟ್ಟಿಯ ಗಿಡಗಳಿಗೆ. ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ, ಮನೆಯವರಿಗೆಲ್ಲ ಓಡಾಡಬೇಡಿ ಎಂದೆ. ಬೆವರಿಳಿಯುತ್ತಿದ್ದರೂ ಉಸಿರು ಬಿಗಿಹಿಡಿದು ಚಮಚದ ತುದಿಯಿಂದ ಚೂರುಚೂರೇ ಉದುರಿಸಿದೆ. ಪರದೆಯ ಮೇಲೆ 0.00. ಇನ್ನಷ್ಟು ಉದುರಿಸಿದೆ. ಆಗಲೂ 0.00. ಕಣ್ಣಿಗೆ ಕಾಣುವಷ್ಟು ಪುಡಿ ಬಿದ್ದಿದೆ, ತಕ್ಕಡಿ ಮಾತ್ರ ಏನೂ ಆಗಿಲ್ಲವೆಂಬಂತೆ ಕೂತಿದೆ!

ಇದಕ್ಕೂ ಕಾರಣವಿದೆ. ಒಳಗಿನ ಲೋಡ್ ಸೆಲ್ ಎಂಬ ಲೋಹದ ತುಂಡು ಭಾರಕ್ಕೆ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಬಾಗುತ್ತದೆ. ಬಿಸಿಲು-ಚಳಿಗೆ ಅದರ ಸೊನ್ನೆ ತಾನಾಗಿಯೇ ಮೆಲ್ಲಗೆ ಜಾರುವುದುಂಟು. ಹಾಗೆ ಜಾರಿದ್ದನ್ನು ಯಂತ್ರವೇ ಸರಿಪಡಿಸಿಕೊಳ್ಳುತ್ತದೆ. ಮೆಲ್ಲಗೆ ಬಿದ್ದ ನನ್ನ ಪುಡಿಯನ್ನೂ ಜಾರಿದ ಸೊನ್ನೆ ಎಂದುಕೊಂಡು ಒರೆಸಿಹಾಕುತ್ತಿತ್ತು. ಕಳ್ಳಹೆಜ್ಜೆಯಲ್ಲಿ ಬಂದವರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಡಿಯನ್ನು ಬಟ್ಟಲಿಗೆ ಬೇರೆಲ್ಲೋ ಹಾಕಿಕೊಂಡು ಬಂದು, ಬಟ್ಟಲನ್ನು ಒಮ್ಮೆಗೇ ತಟ್ಟೆಯ ನಡುವೆ ಇಟ್ಟರೆ ಗುರುತು ಹಿಡಿಯುತ್ತದೆ. ಅಂಚಿಗಿಟ್ಟರೆ ಮತ್ತೆ ಬೇರೆ ಅಂಕಿ.

ಬಟ್ಟಲೂ ಸುಮ್ಮನಿರುವ ಜಾತಿಯಲ್ಲ. ಬಿಸಿನೀರಲ್ಲಿ ತೊಳೆದು ತಕ್ಷಣ ಇಟ್ಟರೆ ಸುತ್ತಲ ಗಾಳಿ ಕಾದು ಮೇಲೇರಿ, ಬಟ್ಟಲು ಇದ್ದುದಕ್ಕಿಂತ ಹಗುರವೆಂದು ತೋರುತ್ತದೆ. ಆರುತ್ತ ಹೋದಂತೆ ಕೂತಲ್ಲೇ ತೂಕ ಹೆಚ್ಚಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಟ್ಟಲನ್ನು ಒಣಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ತಿನಿಂದ ಅಂಕಿಗಳು ಕುಣಿಯುತ್ತವೆ. ಲೋಹದ ಬಟ್ಟಲಾದರೆ ಆ ರಗಳೆಯಿಲ್ಲ. ಇನ್ನು ಪುಡಿ ತೇವ ಹೀರುವಂಥದ್ದಾದರೆ ನಾವು ನೋಡುತ್ತಿದ್ದಂತೆಯೇ ದಪ್ಪಗಾಗುತ್ತದೆ.

ಕೊನೆಯ ಅಂಕಿಯನ್ನು ನಂಬುವವರನ್ನು ಕಂಡರೆ ನನಗೆ ಪಾಪವೆನಿಸುತ್ತದೆ. 0.01 ತೋರಿಸುವುದು ಬೇರೆ, 0.01ರಷ್ಟು ಸರಿಯಾಗಿ ತೂಗುವುದು ಬೇರೆ. ಸರಿಯಿದೆಯೇ ಎಂದು ನೋಡಲು ಭಾರ ಗೊತ್ತಿರುವ ತೂಕದ ಬಟ್ಟು ಬೇಕು, ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಊರು ಬದಲಿಸಿದರೆ ಮತ್ತೆ ಹೊಂದಿಸಬೇಕು. ಯಾಕೆಂದರೆ ಇದು ಅಳೆಯುವುದು ಭೂಮಿ ಎಳೆಯುವ ಬಲವನ್ನು. ಸಮಭಾಜಕದಿಂದ ಧ್ರುವಕ್ಕೆ ಹೋದರೆ ಆ ಎಳೆತ ಶೇಕಡಾ ಅರ್ಧದಷ್ಟು ಹೆಚ್ಚು. 100 ಗ್ರಾಂ ಅಲ್ಲಿ ನೂರೂವರೆ. ಸದ್ಯ, ಮೀನುಗಳಿಗೆ ಧ್ರುವಯಾತ್ರೆಯ ಆಸೆಯಿಲ್ಲ.

ಪ್ಯಾರಿಸ್ ಬಳಿ ಗಾಜಿನ ಗೂಡಿನಲ್ಲಿ ಜೋಪಾನವಾಗಿಟ್ಟಿದ್ದ ಜಗತ್ತಿನ ಕಿಲೋಗ್ರಾಂಗೆಲ್ಲ ಮೂಲವಾಗಿದ್ದ ತೂಕದ ಬಟ್ಟಿಗೂ ಅದರ ನಕಲುಗಳಿಗೂ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತಂತೆ. ಕೊನೆಗೆ 2019ರ ಮೇ 20ರಂದು ಅದಕ್ಕೆ ನಿವೃತ್ತಿ ಕೊಟ್ಟು, ಪ್ಲಾಂಕ್ ಸ್ಥಿರಾಂಕವೆಂಬ, ಎಂದೂ ಬದಲಾಗದ ಭೌತವಿಜ್ಞಾನದ ಸಂಖ್ಯೆಯ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದರು. ಇದನ್ನು ನಾನು ಹೆಂಡತಿಗೆ ಸಮಾಧಾನವಾಗಿ ಹೇಳುತ್ತಿದ್ದೆ. ಫ್ಯಾನಿಲ್ಲದೆ ಕೂತಿದ್ದ ಅವಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ತಕ್ಕಡಿ ಅದನ್ನೂ ತೂಗಿತು.

"ರೀ, ಅಡುಗೆಮನೆ ತಕ್ಕಡೀಲಿ ಐವತ್ತು ಗ್ರಾಂ ಪುಡಿ ತೂಗಿ, ನೀರು ಬೆರೆಸಿ ಒಂದು ಲೀಟರ್ ಮಾಡಿಟ್ಕೊಳ್ಳಿ. ಹತ್ತು ಎಂ.ಎಲ್. ತೆಗೆದ್ರೆ ಅರ್ಧ ಗ್ರಾಂ ಬಂತಲ್ವಾ?"

ಬಂತು. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಶೇಕಡಾ ಎರಡಷ್ಟೇ ತಪ್ಪು. ನಾನು ಉತ್ತರ ಕೊಡುವ ಮೊದಲೇ ಅವಳು ಎದ್ದುಹೋಗಿ ಫ್ಯಾನ್ ಹಾಕಿದಳು, ಐದರಲ್ಲಿ.