ಬಾಯಲ್ಲಿ ಚಮಚ ಇಟ್ಟುಕೊಂಡು ‘ಇಲ್ಲ’ ಅನ್ನಲು ಬರುತ್ತದೆಯೇ?

ಬರುವುದಿಲ್ಲ. ಬೇಕಿದ್ದರೆ ಈಗಲೇ ಅಡುಗೆಮನೆಗೆ ಹೋಗಿ. ಒಂದು ಚಮಚ ತಗೊಳ್ಳಿ. ಹಿಡಿಕೆಯಿಂದ ಕೆನ್ನೆಯನ್ನು ಹೊರಗೆ ಎಳೆದು, ಬಾಯಿ ಪೂರ್ತಿ ತೆರೆದು ‘ಇಲ್ಲ’ ಅಂದು ನೋಡಿ. ‘ಹ್ಞಾಂ’ ಅಂತಲೇ ಬರುತ್ತದೆ. ನಿನ್ನೆಯಿಂದ ಕನ್ನಡಿ ಮುಂದೆ ನಿಂತು ಹತ್ತು ಸಲ ನೋಡಿದ್ದೇನೆ.

ಹೀಗಾಗಿ ನಾನು ಈಗ ಗುಟ್ಕಾ ತಿನ್ನುವವಳು. ಆರು ವರ್ಷದಿಂದ. ಡಾಕ್ಟರ್ ಚೀಟಿಯಲ್ಲಿ ಬರೆದಿದೆ.

ಶೇಂಗಾ ಚಟ್ನಿ ಜೊತೆ ಕಡಕ್ ರೊಟ್ಟಿ ಕಡಿದದ್ದು ಶುಕ್ರವಾರ. ಅವತ್ತಿನಿಂದ ಎಡಗಡೆ ಕೆಳಗಿನ ದವಡೆ ಹಿಡಿದುಕೊಂಡಿತ್ತು. ರಾತ್ರಿ ಮಲಗಿದರೆ ಜಾಸ್ತಿ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ. ಭಾನುವಾರ, ವಿಡಿಯೋ ಕಾಲ್‌ನಲ್ಲಿ ಹಲ್ಲಿನ ಡಾಕ್ಟರ್ ಸಿಗುವ ಒಂದು ಆ್ಯಪ್‌ಗೆ 399 ರೂಪಾಯಿ ಕಟ್ಟಿದೆ. ಯಾಕೆ ಕಟ್ಟಿದೆ ಅಂತ ಕೇಳಬೇಡಿ. ನಮ್ಮ ಹುಬ್ಬಳ್ಳಿಯಲ್ಲಿ ಓಣಿಗೊಂದು ಹಲ್ಲಿನ ಆಸ್ಪತ್ರೆ. ಚಿಗರಿ ಬಸ್ ಹತ್ತಿದರೆ ಸತ್ತೂರಿನಲ್ಲಿ ಇಡೀ ದಂತ ಕಾಲೇಜೇ ಇದೆ. ಆದರೂ ನಾನು ಮೊಬೈಲಿಗೆ ಬಾಯಿ ತೆರೆದೆ. ಅರ್ಧ ದಿನದ ರಜೆ ಉಳಿಯುತ್ತೆ ಅಂತ.

ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಮಾಳಿಗೆಗೆ ಹೋಗಬೇಕು. ಮಾಳಿಗೆ ಮೇಲೆ ನಮ್ಮ ಅತ್ತಿ, ಸಂಡಿಗೆ ಹಾಕಿಕೊಂಡು ಕಾಗೆ ಓಡಿಸುತ್ತಾ ಕೂತಿದ್ದರು. ಪಕ್ಕದ ಮಾಳಿಗೆಯಲ್ಲಿ ಕಾಕು ಬಟ್ಟೆ ಒಣಹಾಕುತ್ತಿದ್ದರು. ಏಳು ನಿಮಿಷದಲ್ಲಿ ಮೂರು ನಿಮಿಷ ‘ಕೇಳಿಸ್ತಾ ಇದ್ಯಾ, ಕೇಳಿಸ್ತಾ ಇದೆ’ ಅನ್ನುವುದರಲ್ಲೇ ಹೋಯಿತು. ಆಮೇಲೆ ಡಾಕ್ಟರ್ ಅಂದರು, ‘ಒಂದು ಚಮಚದಿಂದ ಕೆನ್ನೆ ಸರಿಸಿ, ಟಾರ್ಚ್ ಬಿಡಿ, ಕ್ಯಾಮೆರಾ ಹತ್ತಿರ ತನ್ನಿ.’ ಒಂದು ಕೈಯಲ್ಲಿ ಚಮಚ, ಒಂದರಲ್ಲಿ ಟಾರ್ಚ್, ಒಂದರಲ್ಲಿ ಮೊಬೈಲು. ದೇವರು ನನಗೆ ಎಷ್ಟು ಕೈ ಕೊಟ್ಟಿದ್ದಾನೆ ಅಂತ ತಿಳಿದಿದ್ದರು? ಮೈದುನನ ಮಗನನ್ನು ಕರೆದು ಟಾರ್ಚ್ ಹಿಡಿಸಿದೆ. ಅವನು ಹಲ್ಲಿಗೆ ಬಿಡುವ ಬದಲು ಮೂಗಿಗೆ ಬಿಟ್ಟ.

‘ಇನ್ನೂ ಅಗಲ. ಇನ್ನೂ.’

ಕಾಕು ಬಟ್ಟೆ ಬಿಟ್ಟು ಗೋಡೆ ಹತ್ತಿರ ಬಂದರು. ‘ಯಾಕವ್ವಾ, ಬಾಯಾಗ ಚಮಚ ಇಟಗೊಂಡು ಯಾರಿಗೆ ತೋರ್ಸಾಕತ್ತಿ?’

ಆಗಲೇ ಫುಲ್ ಸ್ಪೀಕರಿನಲ್ಲಿ ಆ ಪ್ರಶ್ನೆ ಬಂತು. ‘ತಂಬಾಕು, ಗುಟ್ಕಾ ಏನಾದ್ರೂ ಹಾಕ್ತೀರಾ?’

ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ಆದರೆ ಅವರ ಪರದೆಯಲ್ಲಿ ನನ್ನ ತಲೆ ಎಲ್ಲಿದೆ? ಬರೀ ಹಲ್ಲು. ‘ಅಲ್ಲಾಡಬೇಡಿ, ಬ್ಲರ್ ಆಗುತ್ತೆ’ ಅಂದರು. ‘ಇಲ್ಲ’ ಅಂದೆ. ‘ಹ್ಞಾಂ’ ಅಂತ ಬಂತು.

‘ಎಷ್ಟು ವರ್ಷದಿಂದ?’

ಗಾಬರಿಯಾಗಿ ‘ಆಂ?’ ಅಂದೆ.

‘ಆರು. ಓಕೆ.’

ಚಮಚ ತೆಗೆದು ಬಾಯಿ ಒರೆಸಿಕೊಂಡು ‘ಸರ್, ಸರ್’ ಅನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ನಿಮ್ಮ ಸಮಯ ಮುಗಿದಿದೆ, ಐದು ಸ್ಟಾರ್ ಕೊಡಿ ಅಂತ ಬಂತು. ಅತ್ತಿ ಕಾಗೆ ಓಡಿಸುವುದನ್ನು ನಿಲ್ಲಿಸಿದ್ದರು. ಒಂದು ಕಾಗೆ ಸಂಡಿಗೆ ಕಚ್ಚಿಕೊಂಡು ಹೋಯಿತು, ಅವರು ನೋಡಲೇ ಇಲ್ಲ. ‘ಆರ್ ವರ್ಷ ಆತನು?’ ಅಂತ ಮೆಲ್ಲಗೆ ಕೇಳಿದರು. ಕಾಕು ಏನೂ ಕೇಳಲಿಲ್ಲ. ಕಾಕು ಏನೂ ಕೇಳದೆ ಕೆಳಗೆ ಇಳಿದು ಹೋದರು ಅಂದರೆ ಏನರ್ಥ ಅಂತ ನಮ್ಮ ಓಣಿಯವರಿಗೆ ಗೊತ್ತು.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ. ಲೆಕ್ಕ ಹಾಕಿ. ನಿಷೇಧ ಆದಮೇಲೆ ಶುರು ಮಾಡಿದ್ದೇನೆ ನಾನು! ಅಡಿಕೆ ಚೂರು ಕೂಡ ಬಾಯಿಗೆ ಹಾಕದವಳು. ರಾತ್ರಿ ಆ್ಯಪ್‌ನವರು ತಂಬಾಕು ಬಿಡಿಸುವ ಸಹಾಯವಾಣಿಯ ನಂಬರನ್ನೂ ಕಳಿಸಿದರು, ಆ ಪ್ಯಾಕೆಟ್ ಮೇಲೆ ಇರುತ್ತಲ್ಲ, ಅದೇ 1800-11-2356. ಮನೆಯವರು ಅದನ್ನು ಜೋರಾಗಿ ಓದಿ ನಕ್ಕರು. ನಗಲಿ.

ಚೀಟಿಯಲ್ಲಿ ಇನ್ನೊಂದು ಇತ್ತು. ‘46’. ಇದೇನು ಅಂತ ಇವತ್ತು ಗೊತ್ತಾಯಿತು, ಹಲ್ಲಿನ ನಂಬರು. ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4. ನಡುವಿನಿಂದ ಎಣಿಸಿದರೆ ಆರನೆಯದು ಮೊದಲ ದೊಡ್ಡ ದವಡೆ ಹಲ್ಲು. ಅಂದರೆ 46 ಬಲಗಡೆಯದು. ನನ್ನ ನೋವು ಎಡಗಡೆ! ಮೊದಲೇ ಫೋಟೋ ಹಾಕಿ ಅಂದಿದ್ದರು, ಸೆಲ್ಫಿ ಹಾಕಿದ್ದೆ. ನನ್ನ ಮೊಬೈಲು ಸೆಲ್ಫಿಯನ್ನು ಕನ್ನಡಿಯಂತೆ ತಿರುಗಿಸಿ ಇಡುತ್ತದೆ. ಎಡ ಬಲವಾಯಿತು. ಆದರೆ ‘ಎಡಗಡೆ ನೋವು’ ಅಂತ ಮೇಲೆ ಬರೆದಿದ್ದೆನಲ್ಲ, ಅದನ್ನು ಓದುವವರು ಯಾರು?

ಇವತ್ತು ಸಂಜೆ ಮೂರನೇ ಕ್ರಾಸಿನ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಆ ಯಮ್ಮ ಮಾತೇ ಆಡಲಿಲ್ಲ. ಪುಟ್ಟ ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲಿಗೆ ಟಕ್ ಟಕ್ ಬಡಿದರು. ನಾನು ತೋರಿಸಿದ ಕೆಳಗಿನ ಹಲ್ಲಿಗೆ ಏನೂ ಆಗಲಿಲ್ಲ. ಮೇಲಿನ ಎಡದ ಆರನೆಯದಕ್ಕೆ ಬಡಿದರು ನೋಡಿ, ಕುರ್ಚಿಯಿಂದ ಎದ್ದೇ ಬಿಟ್ಟೆ. ತಣ್ಣನೆ ಹತ್ತಿ ಮುಟ್ಟಿಸಿದರು, ಬಾಯೊಳಗೆ ಚಿಕ್ಕ ಫಿಲ್ಮ್ ಇಟ್ಟು ಎಕ್ಸ್‌ರೇ ತೆಗೆದರು. ಎರಡು ಹಲ್ಲಿನ ಸಂದಿಯಲ್ಲಿ ಹುಳುಕು, ನರದ ತನಕ ಇಳಿದಿದೆ. ಹೊರಗಿಂದ ಯಾವ ಟಾರ್ಚ್ ಬಿಟ್ಟರೂ ಕಾಣುವಂಥದ್ದಲ್ಲ. ಹಲ್ಲಿನ ನರ ಕೆಟ್ಟಾಗ ಮೇಲಿನದೋ ಕೆಳಗಿನದೋ ಅಂತ ನೋವಿರುವವರಿಗೇ ಗೊತ್ತಾಗುವುದಿಲ್ಲವಂತೆ.

ಅಂದರೆ ನಾನೂ ತಪ್ಪು ಹಲ್ಲು ತೋರಿಸಿದ್ದೆ. ಸರಿ, ಒಪ್ಪಿದೆ. ಆ ವಿಡಿಯೋ ಡಾಕ್ಟರ್ ಬಲಗಡೆ ಬರೆದರು, ನಾನು ಕೆಳಗೆ ತೋರಿಸಿದೆ, ಹಲ್ಲು ಮೇಲೆ ಕೂತು ನಮ್ಮಿಬ್ಬರನ್ನೂ ನೋಡಿ ನಕ್ಕಿತು. ಆದರೆ ನಾನು ಡಾಕ್ಟರ್ ಅಲ್ಲವಲ್ಲ! ‘ಇದು ಮೊಬೈಲಲ್ಲಿ ಆಗಲ್ಲ, ಹೋಗಿ ಎಕ್ಸ್‌ರೇ ತೆಗೆಸಿ’ ಅಂತ ಒಂದು ಮಾತು ಅನ್ನಬಹುದಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವೈದ್ಯರಿಗೆ ಅಂತ ತಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಇದೆ, ದೂರದಿಂದ ತಿಳಿಯದಿದ್ದರೆ ನೇರವಾಗಿ ಬರಲು ಹೇಳಿ ಅಂತ. ಅದರ ಬದಲು ಐದು ದಿನಕ್ಕೆ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯೋಟಿಕ್ ಬರೆದರು. ಊತ ಇಲ್ಲ, ಜ್ವರ ಇಲ್ಲ, ನರದ ನೋವಿಗೆ ಇದು ಕೆಲಸ ಮಾಡಲ್ಲ ಅಂತ ಈ ಯಮ್ಮ ಅಂದರು.

ಮೊಬೈಲ್ ಡಾಕ್ಟರೇ ಬೇಡ ಅಂತ ನಾನು ಅನ್ನುತ್ತಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ರಕ್ತ ನಿಂತಿತಾ ಅಂತ ಕೇಳಲು ಮೊಬೈಲ್ ಸಾಕು. ರೋಣದ ಹಳ್ಳಿಯಲ್ಲಿರುವ ನಮ್ಮ ಅಕ್ಕನಿಗೆ, ರಾತ್ರಿಯೇ ಓಡಿಬರಬೇಕಾ, ಸೋಮವಾರದ ತನಕ ತಡೆಯಬಹುದಾ ಅಂತ ಯಾರಾದರೂ ಹೇಳಿದರೆ ದೊಡ್ಡ ಉಪಕಾರ. ನನಗೇ ಬುದ್ಧಿ ಇರಲಿಲ್ಲ ಬಿಡಿ. 399 ರೂಪಾಯಿ ಹೋಗಲಿ.

ಹೋಗಲಿ ಯಾಕೆ? ಆ ಆರು ವರ್ಷ ಅಳಿಸಿಕೊಡಿ ಅಂತ ಮೂರು ಸಲ ಮೆಸೇಜ್ ಹಾಕಿದೆ. ತಿದ್ದುಪಡಿಗೆ ಹೊಸದಾಗಿ ಬುಕ್ ಮಾಡಿ ಅಂತ ಉತ್ತರ. ಮತ್ತೆ 399! ಅಲ್ವಾ, ಯಾರಾದರೂ ಹೇಳಿ, ಇದನ್ನು ಅಳಿಸುವುದು ಹೇಗೆ? ನಾಳೆ ವಿಮೆಯವರು ಇದನ್ನೇ ಹಿಡಿದು ಕೂತರೆ?

ಗುರುವಾರ ರೂಟ್ ಕೆನಾಲ್. ಅರ್ಧ ದಿನದ ರಜೆ ಹೋಯಿತು. ಆ ಚಮಚ ತುಪ್ಪದ ಡಬ್ಬಿಯದು. ಅತ್ತಿ ಅದನ್ನು ತೊಳೆದು ಕಿಟಕಿ ಮೇಲೆ ಬೇರೆ ಇಟ್ಟಿದ್ದಾರೆ.